ನೊರೆ ನೀರೋ, ಬಾವಿಪುಡಿ ನೀರೋ?

"ಎಲ್ಲಿಗಮ್ಮ ಬರ್ತೀಯಾ? ಅಲ್ಲೇ ನಿಂತ್ಕೋ!"

ಕಳೆದ ವಾರ ನಮ್ಮತ್ತೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ನನ್ನ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ. ಬಾಯಲ್ಲಿ, ಕಾಲರಾ ಬಂದಾಗ ಬಾವಿಗೆ ಸುರಿಯುತ್ತಾರಲ್ಲ, ಆ ಬ್ಲೀಚಿಂಗ್ ಪುಡಿಯ ವಾಸನೆ.

ರೇಷ್ಮೆಹುಳು ಸಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀಡಿ ಸೇದಿದವರನ್ನೂ ಮೆಣಸಿನಕಾಯಿ ಹುರಿದವರನ್ನೂ ನಾವು ಒಳಗೆ ಬಿಡುವುದಿಲ್ಲ. ವಾಸನೆ ತಾಗಿ ಹುಳು ಮೇವು ಬಿಟ್ಟರೆ ಬೆಳೆಯೇ ಹೋಯಿತು. ಮೂರು ದಿನ ನಾನು ಹೊರಗೆ.

ತಪ್ಪು ನನ್ನ ದವಡೆಹಲ್ಲಿನದು. ಕೀಳಿಸಿಬಿಡು ಅಂದರು ಎಲ್ಲರೂ. ಚಿಂತಾಮಣಿಗೆ ವಾರಕ್ಕೊಮ್ಮೆ ಬರುವ ಹಲ್ಲಿನ ಡಾಕ್ಟರು ಮಾತ್ರ, "ಬೇರಿನ ಒಳಗೆ ತೊಳೆದು ಮುಚ್ಚಿದ್ರೆ ಉಳಿಯುತ್ತಮ್ಮ, ಎರಡು ಸಲ ಬನ್ನಿ" ಅಂದರು. (ಹಲ್ಲಿನ ಬೇರನ್ನೂ ತೊಳೆಯುತ್ತಾರಾ?) ದೇವರು ಕೊಟ್ಟ ಹಲ್ಲು, ಉಳಿದರೆ ಉಳಿಯಲಿ ಅಂತ ಬಾಯಿ ತೆರೆದೆ.

ಡಾಕ್ಟರ ಹತ್ತಿರ ಎರಡು ಬಾಟ್ಲಿ. ಒಂದರಲ್ಲಿ ಬುರುಬುರು ನೊರೆ ಬರುತ್ತದೆ, ವಾಸನೆಯಿಲ್ಲ. ಇನ್ನೊಂದು ಆ ಬಾವಿಪುಡಿಯ ಅಣ್ಣ, ಅದೇ ವಾಸನೆ. ಸೂಜಿಯಲ್ಲಿ ಒಮ್ಮೆ ಅದು, ಒಮ್ಮೆ ಇದು.

ಈ ವಾರ ಎರಡನೇ ಸಲ. ಮನೆಯಲ್ಲಿ ಹುಳು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿವೆ, ಹಾಕಿದಷ್ಟೂ ಸಾಲದು. ಅತ್ತೆಗೆ ಮಂಡಿನೋವು. ಅದಕ್ಕೇ ಕುರ್ಚಿ ಹತ್ತುವ ಮೊದಲೇ ಕೇಳಿದೆ.

"ಡಾಕ್ಟ್ರೇ, ನೊರೆ ನೀರೊಂದೇ ಸಾಲ್ದಾ?"

"ಅದು ಕಸ ಮೇಲೆತ್ತುತ್ತೆ ಅಷ್ಟೇ. ಕ್ರಿಮಿ ಸಾಯೋದಕ್ಕೆ ಈ ವಾಸನೆ ನೀರೇ ಗಟ್ಟಿ."

"ಹಂಗಾದ್ರೆ ಮೊದ್ಲು ವಾಸ್ನೆದು, ಕೊನೆಗೆ ನೊರೆದು ಬಿಡಿ. ವಾಸ್ನೆ ತೊಳ್ದೋಗುತ್ತೆ."

"ಕೊನೆಗೆ ನೊರೆ ಬಿಟ್ಟು ಮುಚ್ಚಿದ್ರೆ ಗಾಳಿ ಒಳಗೇ ಸಿಕ್ಕಿ, ಗೋಡೆಗೆ ತಲೆ ಚಚ್ಕೋಬೇಕು, ಹಾಗೆ ನೋಯುತ್ತೆ. ಹಲ್ಲು ಬೇಕೋ, ಹುಳು ಬೇಕೋ? ಬೇಗ ಹೇಳಿಯಮ್ಮ, ಹೊರಗೆ ಜನ ಕಾಯ್ತಿದಾರೆ."

ನೀವೇ ಹೇಳಿ, ಇದಕ್ಕೆ ಏನು ಉತ್ತರ? ಒಂದು ಜೀವ ಸಾಯಲೆಂದು ಬಿಡುವ ನೀರು, ಇನ್ನೊಂದು ಜೀವಕ್ಕೆ ಸೋಕಬಾರದು. ಯಾವ ದೇವರಿಗೆ ಹರಕೆ ಹೊರಲಿ? ಕೊನೆಗೆ ಕಣ್ಣು ಮುಚ್ಚಿ ವಾಸನೆಯ ಬಾಟ್ಲಿಯನ್ನೇ ತೋರಿಸಿದೆ.

ಬಸ್ಸಿಳಿದವಳು ಹುಳುಮನೆಯ ಕಡೆ ಸುಳಿಯಲಿಲ್ಲ. ಸೊಪ್ಪು ಕೊಯ್ದು ಕೊಯ್ದು ಹೊಸ್ತಿಲಲ್ಲಿಟ್ಟೆ. ಅತ್ತೆಯೊಬ್ಬರೇ "ಅಯ್ಯೋ ದೇವುಡಾ" ಅನ್ನುತ್ತ ತಟ್ಟೆ ತಟ್ಟೆಗೂ ಹಾಕಿದರು. ಹುಳು ಮೇವು ಬಿಡಲಿಲ್ಲ, ಹಲ್ಲು ನೋಯಲಿಲ್ಲ. ಎರಡೂ ಅವನ ದಯೆ, ಕೈ ಮುಗಿದೆ.

ಅಲ್ಲಿಗೆ ಮುಗಿಯಬೇಕಿತ್ತು. ನಿನ್ನೆ ಹೊಸ್ತಿಲಲ್ಲಿ ಬುಟ್ಟಿ ಇಳಿಸುವಾಗ ಒಳಗಿನಿಂದ ಘಾಟು ಬಡಿಯಿತು.

"ಏನತ್ತೆ ಅದು?"

"ನಂಗೂ ಹಲ್ಲು ನೋಯ್ತೈತೆ ಕಣಮ್ಮ" ಅಂದರು ಅತ್ತೆ, ಒಂದು ಕೆನ್ನೆ ಉಬ್ಬಿಸಿಕೊಂಡು. "ನಾಕು ಲವಂಗ ಅದುಮ್ಕೊಂಡಿದೀನಿ. ನಿನ್ನಂಗೆ ಡಾಕ್ಟ್ರ ಹತ್ರ ಓಡಕ್ಕಾಗುತ್ತಾ? ಮೂರು ದಿನದಿಂದ ಇದೇ ಲವಂಗ."

ಅವರ ಬೆನ್ನ ಹಿಂದೆ ಹುಳುಗಳು ಮಳೆ ಬಂದ ಹಾಗೆ ಸರಸರ ಸೊಪ್ಪು ಮೇಯುತ್ತಿದ್ದವು.

ಹಾಗಾದರೆ ಅವಕ್ಕೆ ಆಗದಿದ್ದುದು ಬಾಟ್ಲಿಯ ವಾಸನೆಯೋ, ಸೊಸೆಯ ವಾಸನೆಯೋ?