ಹಳದಿ ಹಾಳೆ, ಬಿಳಿ ಹಾಳೆ

ನೀರು ಬರುವ ದಿನ ಇಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲವೂ ಅರ್ಧ ತಾಸು ಮುಂಚೆ ನಡೆಯುತ್ತದೆ. ಐದಕ್ಕೇ ಎದ್ದು ಹಿತ್ತಿಲ ನಳಕ್ಕೆ ಪೈಪು ಸಿಕ್ಕಿಸಿದೆ. ಬ್ಯಾರಲ್ ತುಂಬುವ ಸದ್ದು ಕೇಳುತ್ತಲೇ ಹಿಟ್ಟು ನಾದಿದೆ. ತುಂಬುತ್ತ ಬಂದಂತೆ ನೀರಿನ ದನಿ ತೆಳ್ಳಗಾಗುತ್ತದೆ. ಒಲೆಯ ಮುಂದೆ ನಿಂತಿದ್ದರೂ ಯಾವಾಗ ಓಡಬೇಕೆಂದು ಗೊತ್ತಾಗುತ್ತದೆ. ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ. ನನಗೂ ಮಗಳಿಗೂ ದಾರಿಗೆಂದು ಅದೇ ಚಪಾತಿ, ಶೇಂಗಾ ಚಟ್ನಿ, ಒಂದು ಸೌತೆಕಾಯಿ. ಮಗಳಿಗೆ ಎರಡು ಜಡೆ ಹಾಕುವಾಗ ಅವಳ ಬಲಗೈಯ ನಡುಬೆರಳು ಕಣ್ಣಿಗೆ ಬಿತ್ತು. ಹಸಿರು ಪೆನ್ಸಿಲಿನ ಬಣ್ಣ ಉಗುರಿನ ಅಂಚಿನಲ್ಲಿ ಇನ್ನೂ ಉಳಿದಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದು, ಫಲಿತಾಂಶವೂ ಬಂದು ಎಷ್ಟೋ ದಿನವಾಗಿತ್ತು. ನಕಾಶೆಗೆ ಬಣ್ಣ ತುಂಬು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂದು ನಾವಿಬ್ಬರೂ ಬಾದಾಮಿಗೆ ಹೋಗುವವರಿದ್ದೆವು. ಊರ ಹೊರಗೆ ಹುಡುಗಿಯರಿಗಾಗಿಯೇ ಒಂದು ವಸತಿ ಕಾಲೇಜಿದೆ. ಪಿಯುಸಿಯ ಎರಡು ವರ್ಷ ಅಲ್ಲಿಯೇ ಇದ್ದು ಓದುವುದು. ಯಾವ ವಿಷಯ ಬೇಕೆಂದು ಅಂದೇ ಬರೆದುಕೊಡಬೇಕಿತ್ತು.

ಯಜಮಾನರು ಹುನಗುಂದದ ಕೋರ್ಟಿನಲ್ಲಿ ಗುಮಾಸ್ತರು. ಎಂಟರ ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತರು.

"ಪಿಸಿಎಂಬಿ ಅಂತ ಬರಿ. ಅಲ್ಲಿ ನಾಕು ಮಂದಿನ್ನ ಕೇಳಕೋತ ಕುಂದರಬ್ಯಾಡ."

"ಅಕಿನ್ನೂ ಒಂದು ಮಾತು ಕೇಳೂಣಲ್ಲ," ಅಂದೆ.

"ಅಕಿಗೇನ ತಿಳಿತೈತಿ? ಇಷ್ಟು ಮಾರ್ಕ್ಸ್ ತಗೊಂಡು ಆರ್ಟ್ಸಿಗೆ ಹೋದ್ಲು ಅಂತ ಆಫೀಸಿನ್ಯಾಗ ಯಾವ ಬಾಯಿಲೆ ಹೇಳ್ಲಿ?"

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಆ ನಾಲ್ಕರ ಆಚೆ ಅವರಿಗೆ ಬಿಳಿ ಕೋಟು ತೊಟ್ಟ ಮಗಳು ಕಾಣುತ್ತಾಳೆ. ಚಿಕ್ಕವಳಿದ್ದಾಗ ಒಮ್ಮೆ ಅವಳಿಗೆ ಜ್ವರ ನೆತ್ತಿಗೇರಿ, ಬಾಗಲಕೋಟೆಯ ದವಾಖಾನೆಗೆ ಹೆಗಲ ಮೇಲೆ ಹಾಕಿಕೊಂಡು ಓಡಿದವರು ಅವರು. ಅಲ್ಲಿಯ ಲೇಡಿ ಡಾಕ್ಟರು ಮಗುವಿನ ತಲೆ ಸವರಿ, "ಏನೂ ಆಗಂಗಿಲ್ಲ ತಗೊಳ್ರಿ" ಎಂದದ್ದು ಅವರ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಅದಕ್ಕೇ ನಾನು ವಾದಿಸಲಿಲ್ಲ. ಮಗಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ನನಗೆ ತಿಳಿದದ್ದು ಮಧ್ಯಾಹ್ನ.

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು. ಅಮೀನಗಡದಲ್ಲಿ ಕರದಂಟಿನ ಅಂಗಡಿಗಳ ಮುಂದೆ ನಿಂತಾಗ ತುಪ್ಪದ ವಾಸನೆ ಒಳಗೆ ಬಂತು. ಎಲ್ಲರೂ ಆ ಕಡೆ ಮುಖ ಮಾಡಿದರೆ ಇವಳು ಈ ಕಡೆಯ ಹೊಲ ನೋಡುತ್ತಿದ್ದಳು. ಇನ್ನೊಂದಷ್ಟು ದೂರ ಹೋದ ಮೇಲೆ ನನ್ನ ಮೊಳಕೈ ತಟ್ಟಿದಳು.

"ಮಮ್ಮಿ, ಮಣ್ಣು ನೋಡು. ಹುನಗುಂದದ ತನಕ ಎರಿ ಇತ್ತು. ಇಲ್ಲಿ ಕೆಂಪ ಆಗಾಕತ್ತೈತಿ."

ಮದುವೆಯಾದಾಗಿನಿಂದ ನಾನು ಈ ದಾರಿಯಲ್ಲಿ ಓಡಾಡಿದ್ದೇನೆ. ಕರಿಯ ಮಣ್ಣು ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಎಂದು ಒಮ್ಮೆಯೂ ನೋಡಿರಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ, ಸಿಸ್ಟರುಗಳ ಬೋರ್ಡಿಂಗಿನಲ್ಲಿದ್ದುಕೊಂಡು. ಅಲ್ಲಿಯೂ ಹತ್ತನೆಯ ತರಗತಿಯ ನಂತರ ವಿಷಯ ಆರಿಸಿಕೊಳ್ಳುವ ಕಾಲ ಬಂದಿತ್ತು. ನನಗೆ ಗಣಿತ ಬೇಕಿತ್ತು. ಅಪ್ಪ ಇನ್‌ಲ್ಯಾಂಡ್ ಪತ್ರದಲ್ಲಿ ಗೃಹವಿಜ್ಞಾನ ಎಂದು ಬರೆದು ಸಿಸ್ಟರಿಗೆ ಕಳಿಸಿದ್ದರು. ನೋಟಿಸ್ ಬೋರ್ಡಿನಲ್ಲಿ ಗಣಿತದ ಯಾದಿಯ ತುಂಬ ನನ್ನ ಹೆಸರು ಹುಡುಕಿ, ಸಿಗದೆ, ಪಕ್ಕದ ಯಾದಿಯಲ್ಲಿ ಕಂಡಾಗಲೇ ನನಗೆ ತಿಳಿದದ್ದು. ಗೃಹವಿಜ್ಞಾನದಿಂದ ನಷ್ಟವೇನೂ ಆಗಲಿಲ್ಲ. ನಾನು ಹೊಲಿದ ಕಾಜಾ ಬಿಚ್ಚುವುದಿಲ್ಲ, ನಾನಿಟ್ಟ ಉಪ್ಪಿನಕಾಯಿಗೆ ಬೂಸಲು ಹಿಡಿಯುವುದಿಲ್ಲ. ಆದರೂ ಮಗಳ ಗಣಿತದ ಪುಸ್ತಕ ಕೈಗೆ ಸಿಕ್ಕರೆ, ಹಾಲು ಕಾಯುವಷ್ಟರಲ್ಲಿ ಒಂದು ಲೆಕ್ಕವನ್ನಾದರೂ ಬಿಡಿಸಿಯೇ ಕೆಳಗಿಡುತ್ತೇನೆ.

ಕಾಲೇಜು ಕೆಂಪು ಗುಡ್ಡದ ಬುಡದಲ್ಲಿತ್ತು. ವರಾಂಡದ ಗೋಡೆಯ ಮೇಲೆ ಇಡೀ ವಾರದ ವೇಳಾಪಟ್ಟಿ, ನೀಲಿ ಮಸಿಯಲ್ಲಿ, ಗೆರೆ ಒಂದಿಷ್ಟೂ ಸೊಟ್ಟವಿಲ್ಲದೆ. ವಿಜ್ಞಾನದಲ್ಲಿ ಜೀವಶಾಸ್ತ್ರ ಇರುವ ಗುಂಪು ಒಂದು, ಕಂಪ್ಯೂಟರ್ ಇರುವುದೊಂದು. ವಾಣಿಜ್ಯ ಒಂದು. ಕಲಾ ವಿಭಾಗದಲ್ಲಿ ಸಮಾಜಶಾಸ್ತ್ರದ್ದೊಂದು, ಭೂಗೋಳದ್ದೊಂದು. ಭಾಷೆಗೆ ಕನ್ನಡ, ಹಿಂದಿ, ಸಂಸ್ಕೃತ ಇಲ್ಲವೆ ಉರ್ದು. ಇಂಗ್ಲಿಷ್ ಎಲ್ಲರಿಗೂ. ಶನಿವಾರದ ಮುಂಜಾನೆಯ ಸಾಲಿನಲ್ಲಿ 'ಕೈಕೆಲಸ' ಎಂದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ: ಫ್ಯೂಸ್ ಹಾಕುವುದು, ಸೈಕಲ್ ಪಂಕ್ಚರ್ ತೆಗೆಯುವುದು, ಪ್ರಥಮ ಚಿಕಿತ್ಸೆ, ಅರ್ಜಿ ಬರೆಯುವುದು. ನಮ್ಮ ಕಾನ್ವೆಂಟಿನಲ್ಲಿ ಕೈಕೆಲಸವೆಂದರೆ ಕರ್ಚೀಫಿನ ಅಂಚು. ಆ ಶನಿವಾರದ ಸಾಲನ್ನೇ ಎರಡು ಸಲ ಓದಿ ಮುಂದೆ ಹೋದೆ.

ಪ್ರಾಚಾರ್ಯರು ಅರವತ್ತರ ಹತ್ತಿರದ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

"ಬರ್ರಿ ಅಕ್ಕಾರ. ನಮ್ಮಲ್ಲೊಂದು ಪದ್ಧತಿ ಐತಿ, ಮೊದಲ ಹೇಳಿ ಬಿಡ್ತೇನಿ. ಎಲ್ಲಾ ಕ್ಲಾಸ್ ರೂಮು ಇಬ್ರೂ ಕೂಡಿ ನೋಡ್ಕೊಂಡು ಬರ್ರಿ. ಆಮ್ಯಾಲೆ ನಿಮಗೊಂದು ಹಳದಿ ಹಾಳಿ, ಅಕಿಗೊಂದು ಬಿಳಿ ಹಾಳಿ. ನೀವು ಆ ಮೂಲ್ಯಾಗ, ಅಕಿ ಈ ಮೂಲ್ಯಾಗ. ಯಾವ ವಿಷಯ, ಯಾಕ ಅಂತ ಮೂರ ಸಾಲು. ಒಬ್ಬರದ ಒಬ್ರು ನೋಡಂಗಿಲ್ಲ. ಎರಡೂ ಕೂಡಿದ್ರ ಅಡ್ಮಿಷನ್."

"ಕೂಡದಿದ್ರ?" ಅಂತ ಮಗಳು ಕೇಳಿದಳು.

"ಹೊರಗ ಕಲ್ಲ ಬೆಂಚ್ ಐತಿ. ಕೂಡೂತನಾ ಅಲ್ಲೇ ಕುಂದರೂದು. ಹೋದ ವರ್ಷ ಒಬ್ಬ ಅವ್ವ ಮಗಳು ಅಲ್ಲೇ ಸಂಜಿ ಚಹಾನೂ ಕುಡುದ್ರು."

ಪ್ರಯೋಗಾಲಯ ನೋಡಿದೆವು. ಗಾಜಿನ ಭರಣಿಯಲ್ಲಿದ್ದ ಕಪ್ಪೆಯ ಹತ್ತಿರ ಮಗಳು ನಿಲ್ಲಲಿಲ್ಲ. ಕಂಪ್ಯೂಟರಿನ ಕೋಣೆ, ಗ್ರಂಥಾಲಯ ಮುಗಿಸಿ ವರಾಂಡದ ಕೊನೆಗೆ ಬಂದಾಗ ಭೂಗೋಳದ ಕೋಣೆ. ಕೆರೂರಿನ ಕಡೆಯ ಒಬ್ಬ ಎಳೆಯ ಟೀಚರು ಒಬ್ಬರೇ ಕುಳಿತು ಗ್ಲೋಬುಗಳ ಧೂಳು ಒರೆಸುತ್ತಿದ್ದರು.

"ದಾರಿ ತಪ್ಪಿ ಬಂದ್ರೇನ್ರಿ? ಕಂಪ್ಯೂಟರ್ ಆ ಕಡೆ," ಎಂದು ನಕ್ಕರು.

ಮಗಳು ಆಗಲೇ ಮೇಜಿನ ಮೇಲೆ ಬಗ್ಗಿದ್ದಳು. ಅಲ್ಲಿ ಸುತ್ತಲಿನ ಗುಡ್ಡಗಳ ಒಂದು ದೊಡ್ಡ ನಕಾಶೆ ಹರಡಿತ್ತು. ನನಗೆ ಕಂಡದ್ದು ಒಂದರೊಳಗೊಂದು ಸುತ್ತಿಕೊಂಡ ಕಂದು ಗೆರೆಗಳು ಮಾತ್ರ, ಎಲ್ಲೂ ಗುಡ್ಡವೆಂಬುದು ಕಾಣಲಿಲ್ಲ. ಟೀಚರು ಅರಿವೆ ಕೆಳಗಿಟ್ಟರು.

"ಈ ಗುಡ್ಡ ಏರಾಕ ಹಗುರ ದಾರಿ ಯಾವುದು, ತೋರ್ಸು ನೋಡೂಣು."

ಹಸಿರು ಉಗುರಿನ ಬೆರಳು ನಕಾಶೆಯ ಮೇಲೆ ಒಂದು ಕ್ಷಣ ನಿಂತು, ಎಡಕ್ಕೆ ಬಳಸಿ, ಸುತ್ತು ಹಾಕಿಕೊಂಡು ಮೇಲೆ ಹೋಯಿತು.

"ಇಲ್ಲಿಂದರಿ. ಗೆರಿ ದೂರ ದೂರ ಅದಾವಲ್ರಿ, ಏರು ಕಡಿಮಿ ಇರಬೇಕು. ಈ ಕಡೆ ಒತ್ತಾಗಿ ಅದಾವು, ಇದು ಕಡದಂಗ ನೆಟ್ಟಗ ಇರಬೇಕು."

"ಯಾರ ಕಲಿಸಿದ್ರು?"

"ಯಾರೂ ಇಲ್ರಿ. ಹಂಗ ಅನಸ್ತು."

ಟೀಚರು ನನ್ನ ಕಡೆ ತಿರುಗಿದರು. "ಇದನ್ನ ಹುಡುಗ್ಯಾರಿಗೆ ತಿಳಿಸೂದ್ರಾಗ ದೀಪಾವಳಿ ಬರ್ತೈತ್ರಿ ಅಕ್ಕಾರ. ಈಗ ನಕಾಶಿ ಕೆಲಸ ಎಲ್ಲಾ ಕಂಪ್ಯೂಟರಿನ್ಯಾಗ. ಮುಂದ ಡಿಗ್ರಿ ಐತಿ, ನೌಕರಿನೂ ಐತಿ. ಆದ್ರ ಆರ್ಟ್ಸ್ ಅಂದ ಕೂಡ್ಲೇ ಮಂದಿ ಈ ಬಾಗಲದ ತನಕನೂ ಬರೂದಿಲ್ಲ."

ಅಲ್ಲಿಂದ ಹೊರಗೆ ಬರುವಾಗ ಮಗಳ ಮುಖದಲ್ಲಿದ್ದ ಕಳೆ ನೋಡಿದೆ. ಪರೀಕ್ಷೆಯ ಫಲಿತಾಂಶ ಬಂದ ದಿನವೂ ಅದು ಇರಲಿಲ್ಲ.

ಕಚೇರಿಯ ಮೂಲೆಯಲ್ಲಿ ಹಳದಿ ಹಾಳೆ ಮುಂದಿಟ್ಟುಕೊಂಡು ಕುಳಿತೆ. ಬೆಳಿಗ್ಗೆ ಯಜಮಾನರು ಬಾಗಿಲಲ್ಲಿ ನಿಂತು ಹೇಳಿದ ಮಾತು ಕಿವಿಯಲ್ಲಿತ್ತು. ಸಿಸ್ಟರು ಕಲಿಸಿದ ಉರುಟು ಅಕ್ಷರ ನನ್ನದು. ಓಣಿಯ ಎಷ್ಟೋ ಅರ್ಜಿಗಳನ್ನು ನಾನೇ ತುಂಬಿಕೊಟ್ಟಿದ್ದೇನೆ. ಅಂದು ಪೆನ್ನಿನ ಮುಚ್ಚಳ ತೆಗೆಯುವುದಕ್ಕೇ ಹೊತ್ತು ಹಿಡಿಯಿತು. ಕಡೆಗೆ ಬರೆದೆ: 'ಕಲಾ ವಿಭಾಗ, ಭೂಗೋಳ. ನನ್ನ ಮಗಳು ಬಸ್ಸಿನ ಕಿಟಕಿಯಿಂದ ಮಣ್ಣು ನೋಡುತ್ತಾಳೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡುವವರು ಸಿಕ್ಕರೆ ಚೆನ್ನಾಗಿ ಕಲಿಯುತ್ತಾಳೆ.' ಬರೆದ ಮೇಲೆ ಒಮ್ಮೆ ಓದಿ, ಹಾಳೆಯನ್ನು ಮಗುಚಿಟ್ಟೆ.

ಪ್ರಾಚಾರ್ಯರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಕನ್ನಡಕ ಏರಿಸಿದರು, ಇಳಿಸಿದರು. ಆಮೇಲೆ ಮೇಜಿನ ಮೇಲೆ ಅಂಗೈ ಊರಿ ನಗತೊಡಗಿದರು.

"ಇಷ್ಟು ವರ್ಷ ಆತು, ಯಾವಾಗ್ಲೂ ಹಳದ್ಯಾಗ ಪಿಸಿಎಂಬಿ, ಬಿಳ್ಯಾಗ ಬ್ಯಾರೆ. ಉಲ್ಟಾ ಬಂದಿದ್ದು ಇದ ಮೊದಲು."

ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. 'ಪಿಸಿಎಂಬಿ. ನಾನು ಡಾಕ್ಟರ್ ಆಗಬೇಕೆಂದು ನಮ್ಮ ಪಪ್ಪಾ ಅವರ ಆಸೆ. ಅವರು ನನಗಾಗಿ ಬಹಳ ಕಷ್ಟಪಟ್ಟಿದ್ದಾರೆ. ನಾನು ಪ್ರಯತ್ನ ಮಾಡುತ್ತೇನೆ.'

"ಪಪ್ಪಾ ಅದಾರ, ಅವರ ಆಸೆ ಐತಿ, ಅವರ ಕಷ್ಟ ಐತಿ," ಪ್ರಾಚಾರ್ಯರು ಮಗಳನ್ನು ಕೇಳಿದರು. "ಇದರಾಗ ನೀ ಎಲ್ಲಿದ್ದಿ ತಂಗಿ?"

ಅವಳು ಬಿಳಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಮತ್ತೆ ಓದತೊಡಗಿದಳು.

"ಹೋಗ್ರಿ, ಬೆಂಚ್ ಖಾಲಿ ಐತಿ," ಅಂದರು ಅವರು.

ಬೆಂಚಿನ ಮೇಲೆ ಬೇವಿನ ನೆರಳಿತ್ತು. ಡಬ್ಬಿ ಬಿಚ್ಚಿದೆ. ಇಬ್ಬರೂ ಚಪಾತಿ ಮುರಿದೆವು. ಮೊದಲು ಕೇಳಿದವಳು ಅವಳು.

"ನೀ ಯಾಕ ಭೂಗೋಳ ಬರದಿ? ಪಪ್ಪಾ ನಿನಗ ಬೈತಾರ."

"ನೀ ಯಾಕ ಪಿಸಿಎಂಬಿ ಬರದಿ?"

"ಪಪ್ಪಾ ನಿನಗ ಬೈತಾರಂತನ. ಮುಂಜಾನಿ ಕೇಳಿಸ್ಕೊಂಡೇನಿ ನಾ."

ಸೌತೆಕಾಯಿಯನ್ನು ಎರಡು ಹೋಳು ಮಾಡಿ ದೊಡ್ಡದನ್ನು ಅವಳಿಗೆ ಕೊಟ್ಟೆ. "ಡಾಕ್ಟರ್ ಆಗಾಕ ಮನಸ್ಸೈತೇನು? ಖರೆ ಹೇಳು."

"ಟೀವ್ಯಾಗ ರಕ್ತ ಬಂದ್ರ ಚಾನೆಲ್ ಬದಲಿ ಮಾಡ್ತೇನಿ. ನಿನಗ ಗೊತ್ತಿಲ್ಲೇನು?"

ಇಬ್ಬರಿಗೂ ನಗು ಬಂತು. ಅವಳ ಕಣ್ಣಲ್ಲಿ ನೀರೂ ಇತ್ತು. ನಾನು ಯಜಮಾನರಿಗೆ ಫೋನು ಮಾಡಿದೆ. ಕೋರ್ಟಿನ ವೇಳೆಯಲ್ಲಿ ಅದು ಸದಾ ಬಂದ್. ಮತ್ತೆ ಮಾಡಿದೆ, ಆಗಲೂ ಬಂದ್.

"ಭೂಗೋಳನ ಬರೀತೇನಿ ಮಮ್ಮಿ," ಅಂದಳು ಅವಳು. "ಆದ್ರ ಪಪ್ಪಾ ಹೂಂ ಅನ್ನೂತನಾ ನಾ ಹಾಸ್ಟೆಲಿಗೆ ಹಾಸಿಗಿ ಸುತ್ತಂಗಿಲ್ಲ. ಅವರಿಗೆ ಕಳ್ಳತನ ಮಾಡಿ ಹ್ವಾದಂಗ ಆಗಬಾರ್ದು."

ಹೊಸ ಬಿಳಿ ಹಾಳೆಯಲ್ಲಿ ಅವಳು ಬರೆದದ್ದನ್ನು ನಾನು ನೋಡಲಿಲ್ಲ. ಪದ್ಧತಿಯಂತೆ ನನ್ನ ಮೂಲೆಯಲ್ಲಿದ್ದುಕೊಂಡು ನನ್ನ ಮಾತನ್ನೇ ಮತ್ತೊಂದು ಹಳದಿ ಹಾಳೆಗೆ ಇಳಿಸಿದೆ. ಪ್ರಾಚಾರ್ಯರು ಓದಿ ತಲೆದೂಗಿದರು. ಸೋಮವಾರದ ತನಕ ಜಾಗ ಹಿಡಿದಿಡುವುದಾಗಿಯೂ, ತಂದೆಯ ಸಹಿ ಆಗಿರುವ ಅರ್ಜಿಯನ್ನು ಅಷ್ಟರೊಳಗೆ ತರಬೇಕೆಂದೂ ಹೇಳಿದರು. ಮೊದಲಿನ ಎರಡು ಹಾಳೆಗಳನ್ನು ಮಡಿಸಿ ನನ್ನ ಕೈಗಿಟ್ಟರು. "ಇವನ್ನ ಅವರಪ್ಪಗ ಓದಾಕ ಕೊಡ್ರಿ. ನೀವು ಏನೂ ಹೇಳಾಕ ಹೋಗಬ್ಯಾಡ್ರಿ."

ಮನೆ ಮುಟ್ಟುವಾಗ ಇಳಿಹೊತ್ತು. ಯಜಮಾನರು ಬಂದು ಕೈಕಾಲು ತೊಳೆದು ಚಹಾ ಕುಡಿದರು. ಹಾಳೆಗಳನ್ನು ಅವರ ಪಕ್ಕದಲ್ಲಿಟ್ಟು ನಾನು ಒಗೆದ ಬಟ್ಟೆ ಮಡಿಸುತ್ತ ಕುಳಿತೆ. ಕೋರ್ಟಿನ ಕಾಗದ ಓದಿ ರೂಢಿಯಾದವರು. ಬಿಳಿಯದನ್ನು ತಲೆಯಿಂದ ಬುಡದವರೆಗೆ ಓದಿ, ತಿರುಗಿಸಿ ಹಿಂಭಾಗವನ್ನೂ ನೋಡಿದರು. ಹಳದಿಯದನ್ನು ಓದಿದರು. ಮತ್ತೆ ಬಿಳಿಯದಕ್ಕೆ ಬಂದರು. ಮಗಳು ಕೋಣೆಯ ಪರದೆಯ ಹಿಂದಿದ್ದಳು. ಪರದೆಯ ಕೆಳಗೆ ಅವಳ ಹೆಬ್ಬೆರಳು ನೆಲ ಒತ್ತುತ್ತಿದ್ದುದು ನನಗೆ ಕಾಣುತ್ತಿತ್ತು.

"ಪ್ರಯತ್ನ ಮಾಡ್ತಾಳಂತ," ಅಂದರು ಅವರು, ಯಾರಿಗೂ ಅಲ್ಲದಂತೆ. "ನಾ ಬೈತೇನಿ ಅಂತ ಬರದಾಳೇನು ಇದನ್ನ?"

ಪ್ರಾಚಾರ್ಯರ ಮಾತು ನೆನಪಿತ್ತು. ಮುಂದಿನ ಅಂಗಿ ಎತ್ತಿಕೊಂಡೆ.

ಅಂಗಿಗಳನ್ನೆಲ್ಲ ಮಡಿಸಿ ಮುಗಿಯಿತು. ಅವರು ಪರದೆಯ ಕಡೆ ನೋಡದೆಯೇ ಕೇಳಿದರು, "ಹಾಸ್ಟೆಲಿನ್ಯಾಗ ಭೆಟ್ಟಿಗೆ ಯಾವತ್ತು ಬಿಡ್ತಾರ?"

"ತಿಂಗಳದ ಎರಡನೇ ರವಿವಾರ," ಪರದೆಯ ಹಿಂದಿನಿಂದ ಉತ್ತರ ಬಂತು.

"ರವಿವಾರ ಆದ್ರ ಕೋರ್ಟ್ ಸೂಟಿ, ನನಗೂ ಬರಾಕ ಆಗ್ತೈತಿ."

ಜೇಬಿನಿಂದ ಪೆನ್ನು ತೆಗೆದು ಅರ್ಜಿ ಕೇಳಿದರು. ಸಹಿ ಮಾಡುವ ಮುಂಚೆ ಪ್ರತಿ ಸಾಲನ್ನೂ ಓದಿದರು. ಮಗಳು ಹೊರಗೆ ಬಂದು ಅವರ ಹಿಂದೆ ನಿಂತಳು. ಅವರು ಅವಳ ಜಡೆ ಹಿಡಿದು ಒಮ್ಮೆ ಮೆಲ್ಲಗೆ ಜಗ್ಗಿದರು, ಅಷ್ಟೇ. ಆದರೂ ಅವರ ಹಣೆಯ ಗೆರೆ ಸಡಿಲಿರಲಿಲ್ಲ. ನಾಳೆ ಆಫೀಸಿನಲ್ಲಿ ನಾಲ್ಕು ಜನ ಕೇಳುವುದು ಬಾಕಿಯಿತ್ತು.

ಅಷ್ಟರಲ್ಲಿ ಎದುರು ಮನೆಯ ಕಾಕು ಹೆಪ್ಪಿಗೆ ಮೊಸರು ಬೇಕೆಂದು ಬಟ್ಟಲು ಹಿಡಿದು ಬಂದರು.

"ಎಲ್ಲೆ ಹೋಗಿದ್ರಿ ತಾಯಿ ಮಗಳು? ದಿನಪೂರ್ತಿ ಕೀಲಿ ಹಾಕಿತ್ತಲ್ಲ."

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು, "ಬಾದಾಮಿಗೆ ಹೋಗಿದ್ರು ಕಾಕು. ಕಾಲೇಜಿಗೆ ಹೆಸರು ಹಚ್ಚಾಕ. ನಮ್ಮಕಿ ಭೂಗೋಳ ತಗೊಂಡಾಳ."

ಅವರು ಹಾಗೆ ಹೇಳಿ ಕಾಕುವಿನ ಮುಖ ನೋಡುತ್ತ ನಿಂತರು. ಮಗಳೂ ನಿಂತಳು. ಮೊಸರಿನ ಚಮಚ ನನ್ನ ಕೈಯಲ್ಲೇ ಉಳಿಯಿತು. ಕಾಕು ಬಟ್ಟಲನ್ನು ಮುಂದೆ ಚಾಚಿ, ಸೆರಗಿನಿಂದ ಅದರ ಅಂಚು ಒರೆಸಿದರು.

"ಹೌದ? ಛಲೋ ಆತ ಬಿಡು. ನಮ್ಮ ಹೊಲದ ನಕಾಶಿ ಮೂರೂ ಮಕ್ಕಳು ತಿರುವಿ ಮುರುವಿ ನೋಡಿದ್ರೂ ಒಬ್ಬಗೂ ತಿಳಿವಲ್ದು. ಸೂಟಿಗೆ ಬಂದಾಗ ಒಂದೀಟು ನಮ್ಮನಿಗೆ ಕಳಸ್ರಿ ಅಕಿನ್ನ."