ಅಪ್ಪನ ಫೋಟೋಗೆ ಕೂತವನು

ನಾನು ಓದು ನಿಲ್ಲಿಸಿದ್ದು ೧೯೫೨ರಲ್ಲಿ, ಮಿಡ್ಲ್ ಸ್ಕೂಲಿನ ಕೊನೆಯ ವರ್ಷ. ಆ ವರ್ಷವೇ ಅಪ್ಪ ತೀರಿಹೋದರು. ಮನೆಯಲ್ಲಿ ಉಳಿದವರು ಅಮ್ಮ, ನಾನು, ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ತಂಗಿ. ಚಿಕ್ಕಲಸಂದ್ರದಿಂದ ತ್ಯಾಗರಾಜನಗರಕ್ಕೆ ನಡೆದು ಹೋಗಿ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಓದು ಬಿಟ್ಟೆನೆಂದು ಎಲ್ಲಿಯೂ ತಲೆ ತಗ್ಗಿಸಿದವನಲ್ಲ. ಐದು ವರ್ಷದಲ್ಲಿ ಸ್ಟುಡಿಯೋದ ಟಚಿಂಗ್ ಕೆಲಸವೆಲ್ಲ ನನ್ನ ಕೈಗೆ ಬಂದಿತ್ತು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ ಕಡೆ ಪ್ರಿಂಟ್‌ನಲ್ಲಿ ಬೆಳ್ಳಗೆ ಬರುತ್ತದೆ. ಹೆಣ್ಣುಮಕ್ಕಳ ಕಣ್ಣ ಕೆಳಗಿನ ಕಪ್ಪು, ಗಂಡುಗಳ ಮೊಡವೆ, ಸಿಡುಬಿನ ಕಲೆ, ಏನಿದ್ದರೂ ನನ್ನ ಮೇಜು ದಾಟಿದ ಮೇಲೆ ಇರುತ್ತಿರಲಿಲ್ಲ. ಎಷ್ಟೋ ಮದುವೆಗಳು ನನ್ನ ಪೆನ್ಸಿಲ್‌ನಿಂದ ಕೂಡಿಬಂದಿವೆ ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಅಪ್ಪನ ಫೋಟೋ ಮಾತ್ರ ಒಂದೂ ಇರಲಿಲ್ಲ. ನೆರಳು ಹಿಡಿಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವರು ಕ್ಯಾಮೆರಾ ಕಂಡರೆ ದೂರ ಸರಿಯುತ್ತಿದ್ದರಂತೆ. ನಲವತ್ತೈದಕ್ಕೇ ಹೋದರು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಹೊಸ ಪಂಚೆ ಇಟ್ಟು, ಅವರ ಫೋಟೋ ಮುಂದೆ ಎಲೆ ಹಾಕುವುದು. ನಾವು ಕಳಶ ಇಟ್ಟು ಪೂಜೆ ಮುಗಿಸುತ್ತಿದ್ದೆವು. ೧೯೬೦ರಲ್ಲಿ ತಂಗಿಗೆ ಒಂಬತ್ತು ವರ್ಷ. ಎಡೆಯ ಮುಂದೆ ಕೈಮುಗಿದು ನಿಂತವಳು ಕೇಳಿದಳು:

"ಅಮ್ಮ, ಅಪ್ಪ ಹೆಂಗಿದ್ರು? ಎಲ್ಲಾರ್ ಮನೇಲೂ ಗೋಡೆ ಮೇಲೆ ಅವ್ರಪ್ಪ ಇದ್ದಾರೆ. ನಾನು ಚೊಂಬಿಗೆ ಕೈ ಮುಗೀಬೇಕಾ?"

ಅಮ್ಮ ಅವಳ ಕೈಗೆ ಎಡೆಯ ವಡೆಯೊಂದನ್ನು ಕೊಟ್ಟರು. ಒಂದು ವಾರ ಬಿಟ್ಟು, ನನಗೆ ಊಟಕ್ಕೆ ಬಡಿಸುತ್ತಾ ಹೇಳಿದರು. "ನೀನು ಅವರ ಪಡಿಯಚ್ಚು ಕಣೋ. ಮೀಸೆ ಬಿಟ್ಕೊಂಡು, ಅವರ ಪೇಟ ಸುತ್ಕೊಂಡು ಕೂತ್ಕೊ. ಮಿಕ್ಕಿದ್ದು ನಿನ್ ಪೆನ್ಸಿಲ್ ನೋಡ್ಕೊಳ್ಳುತ್ತೆ."

"ಬದುಕಿರೋನಿಗೆ ಹಾರ ಹಾಕ್ತೀಯೇನಮ್ಮ?"

"ಹಾಕೋದು ನಿನಗಲ್ಲ, ಅವರಿಗೆ. ಮಗು ಮುಖ ನೋಡು."

ಎರಡು ತಿಂಗಳು ಮೀಸೆ ಬಿಟ್ಟೆ. ಟ್ರಂಕ್‌ನಿಂದ ಅಪ್ಪನ ಕರಿ ಕೋಟು, ಪೇಟ ತೆಗೆದೆ. ಸ್ಟುಡಿಯೋ ಮಾಲೀಕರೇ ಕ್ಯಾಮೆರಾ ಹಿಂದೆ ನಿಂತರು. "ಬೆನ್ನು ಸ್ವಲ್ಪ ಬಗ್ಸಯ್ಯ, ಇಪ್ಪತ್ತೆರಡರ ಹುಡುಗನ ಥರ ಕೂತಿದ್ದೀಯ. ಎರಡು ಮಕ್ಕಳ ತಂದೆ ನೀನು," ಎಂದು ನಗಿಸಿ, ನಗಬೇಡ ಎಂದು ಗದರಿಸಿದರು. ನೆಗೆಟಿವ್ ನನ್ನ ಮೇಜಿಗೆ ಬಂತು. ಮೀಸೆಗೆ, ಕಿವಿಯ ಪಕ್ಕದ ಕೂದಲಿಗೆ ಪೆನ್ಸಿಲ್ ಆಡಿಸಿ ನರೆ ತಂದೆ. ಕೆನ್ನೆಯ ಮೇಲೆ ಬ್ಲೇಡಿನ ಮೊನೆಯಿಂದ ಸಣ್ಣಗೆ ಕೆರೆದು ಸುಕ್ಕು ಎಳೆದೆ. ಪ್ರಿಂಟ್ ಕೈಗೆ ಕೊಟ್ಟಾಗ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ.

ಜಮೀನಿನ ಕಾಗದಕ್ಕೆಂದು ಅಪ್ಪ ಯಾವಾಗಲೋ ತೆಗೆಸಿದ್ದ ಫೋಟೋ, ಹಳೆಯ ನೆಗೆಟಿವ್ ಈಗ ಸಿಕ್ಕಿತು ಎಂದು ನೆಂಟರಿಗೆಲ್ಲ ಅಮ್ಮ ಹೇಳಿದರು. ಮುಂದಿನ ವರ್ಷದ ಮಹಾಲಯ ಅಮಾವಾಸ್ಯೆಗೆ ಬಂದ ಚಿಕ್ಕಪ್ಪ ಫೋಟೋದ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಅತ್ಗೆ, ಅಣ್ಣಂಗೆ ಎಡಗಡೆ ಹುಬ್ಬಲ್ಲಿ ಗಾಯದ ಕಲೆ ಇತ್ತಾ?"

ಕಲೆ ನನ್ನದು, ಸೈಕಲ್‌ನಿಂದ ಬಿದ್ದದ್ದು. ಊರಿನವರ ಕಲೆಗಳನ್ನೆಲ್ಲ ಅಳಿಸುವವನು ನನ್ನ ಹುಬ್ಬಿನದನ್ನು ನೋಡಿಯೇ ಇರಲಿಲ್ಲ. ದಿನಾ ಕನ್ನಡಿಯಲ್ಲಿ ಕಂಡು ಕಂಡು ಅದು ನನ್ನ ಕಣ್ಣಿಗೆ ಕಲೆಯಾಗಿ ಉಳಿದೇ ಇರಲಿಲ್ಲ.

ಅಮ್ಮ ಎಲೆಗೆ ಉಪ್ಪು ಬಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಗಾಡಿ ಮೂಕಿ ಬಡಿದಿತ್ತಲ್ಲ, ರಾಗಿ ಹೊಡ್ಕೊಂಡು ಬರೋವಾಗ. ನೀನು ಮರ್ತಿದ್ದೀಯ."

"ಹೂಂ, ಇರ್ಬೋದು," ಎಂದರು ಚಿಕ್ಕಪ್ಪ. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಗಾಡಿಯ ಕತೆಯನ್ನು ಅವರೇ ಎತ್ತಿನ ಬಣ್ಣದ ಸಮೇತ ಹೇಳತೊಡಗಿದ್ದರು. ತಂಗಿಯಂತೂ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು, ಅಪ್ಪನ ಗುರುತೇ ಅಣ್ಣನಿಗೂ ಬಂದಿದೆ ಎಂದು. ಪರೀಕ್ಷೆಗೆ ಹೋಗುವಾಗ ಫೋಟೋಗೆ ಹೇಳಿ ಹೋಗುವಳು, ಜ್ವರ ಬಂದರೆ ಅದರ ಕೆಳಗೆ ಚಾಪೆ ಹಾಸಿಕೊಂಡು ಮಲಗುವಳು. ಒಂದು ದಿನ ನಾನು ಅಮ್ಮನಿಗೆ, "ಇನ್ನು ಸಾಕು, ಹೇಳಿಬಿಡೋಣ," ಎಂದೆ. ಅಮ್ಮ ನನ್ನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ಹೇಳಲ್ಲ ಅನ್ನು. ಅವಳಪ್ಪನ್ನ ಇನ್ನೊಂದ್ಸಲ ಸಾಯಿಸ್ಬೇಡ."

ಹೇಳುವುದಿಲ್ಲ ಎಂದೆ.

ಅಲ್ಲಿಂದ ನನ್ನ ಮುಖದ ಮೇಲೆ ನನಗೆ ಹಕ್ಕು ಉಳಿಯಲಿಲ್ಲ. ಮೀಸೆ ಬಿಡುವಂತಿಲ್ಲ, ಪೇಟ ಸುತ್ತುವಂತಿಲ್ಲ, ಫೋಟೋ ತೆಗೆಸಿಕೊಳ್ಳುವಂತಿಲ್ಲ. ಎರಡು ಫೋಟೋ ಪಕ್ಕಪಕ್ಕ ಬಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಕ್ಷೌರದವನು ಕೆಣಕುವನು: "ಏನಣ್ಣ, ವಾರಕ್ಕೆ ಎರಡು ಸಲ ಮೀಸೆ ಬೋಳಿಸ್ತೀಯ, ನಾಟಕದಲ್ಲಿ ಹೆಣ್ಣು ಪಾರ್ಟ್ ಹಾಕ್ತೀಯಾ?" ನಗುತ್ತಿದ್ದೆ. ಪ್ರತಿವರ್ಷ ಅಮಾವಾಸ್ಯೆಗೆ ನನ್ನ ಮುಖದ ಮುಂದೆಯೇ ಎಡೆ ಇಟ್ಟು, ಬೀಡಿ ಕಟ್ಟು ಇಟ್ಟು, ಅಡ್ಡಬಿದ್ದು ಏಳುತ್ತಿದ್ದೆ. ಕರ್ಪೂರದ ಬೆಳಕಿನಲ್ಲಿ ಆ ಕಣ್ಣು ನೋಡಲು ಆಗುತ್ತಿರಲಿಲ್ಲ.

ತಂಗಿಯ ಮದುವೆ ೧೯೬೯ರಲ್ಲಿ, ಸುಬ್ರಹ್ಮಣ್ಯಪುರದ ಹುಡುಗನಿಗೆ. ನಮ್ಮ ಮನೆಯ ಮುಂದೆಯೇ ಚಪ್ಪರ. ಮಾಲೀಕರು ಅಷ್ಟರಲ್ಲಿ ತೀರಿಕೊಂಡಿದ್ದರು. ವಿಷಯ ಗೊತ್ತಿದ್ದವರು ಅಮ್ಮ ಮತ್ತು ನಾನು, ಇಬ್ಬರೇ. ಧಾರೆ ಮುಗಿದ ಮೇಲೆ ಗ್ರೂಪ್ ಫೋಟೋಗೆಂದು ಸ್ಟುಡಿಯೋದ ಸ್ಟ್ಯಾಂಡ್ ಕ್ಯಾಮೆರಾ ನಿಲ್ಲಿಸಿದೆ. ತಂಗಿ ಒಳಗೆ ಹೋಗಿ ಅಪ್ಪನ ಫೋಟೋ ಎತ್ತಿಕೊಂಡು ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿಟ್ಟಳು. ಅದರ ಪಕ್ಕದ ಕುರ್ಚಿಯನ್ನು ತಟ್ಟಿದಳು.

"ಅಣ್ಣ, ಬಾ. ನೀನು ಅಪ್ಪನ ಪಕ್ಕ ಕೂತ್ಕೊ. ಇಬ್ರೂ ಒಟ್ಟಿಗಿರೋ ಫೋಟೋನೇ ಇಲ್ಲ ನನ್ನತ್ರ."

"ನಾನು ಕೂತ್ರೆ ತೆಗೆಯೋರು ಯಾರಮ್ಮ?"

ಸ್ಟುಡಿಯೋದಲ್ಲಿ ನನ್ನ ಜೊತೆ ಕೆಲಸ ಮಾಡುವವನು ಮುಂದೆ ಬಂದ. "ನಾನಿಲ್ವಾ ಗುರು? ಹೋಗಿ ಕೂತ್ಕೊ, ಇವತ್ತೊಂದಿನ ನಿನ್ನ ಮುಖಾನೂ ಬೀಳ್ಲಿ."

ಅಮ್ಮ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿದೆ. "ನನ್ನ ತಂಗಿ ಫೋಟೋನ ಬೇರೆಯವ್ರ ಕೈಗೆ ಕೊಡಲ್ಲ."

ಮಾತು ಗಟ್ಟಿಯಾಗಿಯೇ ಬಂತು. ಮದುಮಗ ಪಕ್ಕದವನ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು: "ಭಾವಂಗೆ ನಮ್ ಸಂಬಂಧ ಅಷ್ಟು ಹಿಡಿಸಿಲ್ಲ ಅಂತ ಕಾಣುತ್ತೆ."

ತಂಗಿಯ ಮುಖ ಕೆಂಪಾಯಿತು. ಯಾರೋ ಆ ಕುರ್ಚಿಯಲ್ಲಿ ಕೂರಲು ಹೋದರು. "ಬೇಡ, ಅದು ಹಂಗೇ ಇರ್ಲಿ," ಎಂದಳು. ನಾನು ಕರಿ ಬಟ್ಟೆಯ ಒಳಗೆ ತಲೆ ಹಾಕಿದೆ. ಆ ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಮದುಮಕ್ಕಳು, ಅಮ್ಮ, ಖಾಲಿ ಕುರ್ಚಿ, ಅದರ ಪಕ್ಕ ಹಾರ ಹಾಕಿಕೊಂಡ ನಾನು. ಬಟ್ಟೆಯ ಒಳಗೆ ಸೆಕೆ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತೆ.

ಅಪ್ಪನ ಫೋಟೋದ ಇನ್ನೊಂದು ಪ್ರತಿ ಬೇಕೆಂದು ಅವಳು ಮೊದಲೇ ಹೇಳಿದ್ದಳು. ಮಾಡಿ, ಕಟ್ಟು ಹಾಕಿಸಿ ಕಳುಹಿಸಿದೆ. ಆ ವರ್ಷದ ಗೌರಿಹಬ್ಬಕ್ಕೆ ಅವಳು ತವರಿಗೆ ಬರಲಿಲ್ಲ. ಬಾಗಿನ ಹೊತ್ತು ನಾನೇ ನಡೆದು ಹೋದೆ, ಮುಕ್ಕಾಲು ಗಂಟೆಯ ದಾರಿ. ಅವಳು ನೀರು ತಂದಿಟ್ಟಳು, ಬಾಗಿನ ತೆಗೆದುಕೊಂಡಳು, ಕಾಲಿಗೆ ನಮಸ್ಕಾರವನ್ನೂ ಮಾಡಿದಳು. ಹಿಂದಿನ ಗೋಡೆಯ ಮೇಲೆ ನಾನು ಮಲ್ಲಿಗೆ ಹಾರ ಹಾಕಿಕೊಂಡು ಕೂತಿದ್ದೆ.

"ಅವತ್ತು ಯಾಕೆ ಕೂರ್ಲಿಲ್ಲ ಅಣ್ಣ? ಅದೊಂದು ಹೇಳು, ಬೇರೇನೂ ಬೇಡ."

"ಕೈ ಖಾಲಿ ಇರ್ಲಿಲ್ವಲ್ಲಮ್ಮ."

"ಕುರ್ಚಿ ಖಾಲಿ ಇತ್ತು."

ಉತ್ತರ ಅವಳ ಬೆನ್ನ ಹಿಂದೆ ಗೋಡೆಯ ಮೇಲಿತ್ತು. ಲೋಟದ ನೀರು ಕುಡಿದು ಎದ್ದೆ.

ಆಮೇಲೆ ಮಾತು ಬಿಟ್ಟಿದ್ದೇನಿಲ್ಲ, ಆದರೆ ಬರುವುದು ಹೋಗುವುದು ಕಮ್ಮಿಯಾಯಿತು. ಅಮ್ಮ ಹೋದ ಮೇಲೆ ಹೇಳಬಹುದಾಗಿತ್ತು. ಅಷ್ಟರಲ್ಲಿ ಅವಳ ಮಕ್ಕಳು ತಾತನಿಗೆ ಕೈಮುಗಿದು ಶಾಲೆಗೆ ಹೋಗುತ್ತಿದ್ದರು. ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯದಿರುವುದು ಅದಕ್ಕೇ.

ಈಗ ನನಗಿರುವುದು ಎರಡು ಕೋಣೆಯ ಸ್ವಂತ ಮನೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಂದು ಟಚಿಂಗ್ ಮೇಜು, ನಾಲ್ಕು ಪೆನ್ಸಿಲ್, ಗೋಡೆಯ ಮೇಲೆ ಏಳು ಫೋಟೋ. ತಂಗಿ ಒಬ್ಬಳು, ವರ್ಷಕ್ಕೆ ಒಂದು ಸಲ, ಅಮಾವಾಸ್ಯೆಗೆ ಬರುತ್ತಾಳೆ.