ಖಂಡೇನವಮಿಯ ಟ್ರಕ್ಕು

ಖಡಕಿಯ ತವರುಮನೆಗೆ ಈ ಸಲ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದ್ದರು. ಅವ್ವನನ್ನು ನೋಡಲೆಂದು ನಾನು ಊರಿನ ಇನ್ನೊಂದು ತುದಿಯ ಧನಕವಡಿಯಿಂದ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ಬಿಸ್ಕಿಟ್ ಡಬ್ಬಿ ಎತ್ತಿ ತೋರಿಸಿದರು.

“ಬರ್ರಿ, ಬರ್ರಿ. ತವರುಮನಿ ಆಸ್ತಿ ನೀವು ಎಂದೂ ಕೇಳಲಿಲ್ಲ. ಆದ್ರೂ ನಿಮ್ಮ ಪಾಲು ತಾನ ಇಳದು ಬಂದದ ನೋಡ್ರಿ.”

ಡಬ್ಬಿಯೊಳಗೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ನನ್ನ ಟ್ರಕ್ಕು ಇತ್ತು.

ಶಾಲೆಯ ದಿನಗಳಲ್ಲಿ ನಾನು ಕಟ್ಟಿದ್ದು. ಪಕ್ಕದ ಕ್ವಾರ್ಟರ್ಸಿನ ಮಿಲಿಟರಿಯವರು ವರ್ಗವಾಗಿ ಹೋಗುವಾಗ, ಒಂದರ ಮೇಲೊಂದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಚೀಲದ ತುಂಬ ಕೊಟ್ಟಿದ್ದರು. ಗಾಲಿಗಳು ಮಾತ್ರ ಇರಲಿಲ್ಲ. ಅಪ್ಪ ಸವೆದ ಹವಾಯಿ ಚಪ್ಪಲಿಯಿಂದ ಗಾಲಿ ಕತ್ತರಿಸಿ, ಸೈಕಲ್ಲಿನ ಕಡ್ಡಿ ತೂರಿಸಿ ಕೊಟ್ಟರು. ಉಳಿದದ್ದೆಲ್ಲ ನನ್ನ ಕೈಕೆಲಸ.

ಖಂಡೇನವಮಿಯ ದಿನ ಅಪ್ಪನ ಸೈಕಲ್ಲಿಗೆ ಪೂಜೆ ನಡೆದಾಗ, ನನ್ನ ಗಾಡಿಗೂ ಆಗಬೇಕೆಂದು ಹಟ ಹಿಡಿದೆ. ಅವ್ವ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಗಾಲಿಯ ಮುಂದೆ ಲಿಂಬೆಹಣ್ಣು ಇಟ್ಟಳು. ಪಾಪ, ಟ್ರಕ್ಕು ಹಣ್ಣು ಹತ್ತಲಾರದೆ ಹಿಂದಕ್ಕೆ ಬಂತು. ಮರುದಿನ ಅದನ್ನು ಬಿಚ್ಚಿ ಮನೆ ಕಟ್ಟಲು ಹೊರಟರೆ ಅವ್ವ ಬಿಡಲಿಲ್ಲ. “ಪೂಜಿ ಆದ ಗಾಡಿ ಬಿಚ್ಚತಾರೇನು? ಸುಮ್ನಿರು.” ಹಾಗಾಗಿ ಅದು ಇವತ್ತಿನವರೆಗೆ ಇಡಿಯಾಗಿ ಉಳಿದಿತ್ತು.

ಈ ವರ್ಷ ನನಗೆ ಸಣ್ಣದಾಗಿ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು. ಕಾಲು ಉಳಿಯಿತು. ಆ ಹೊತ್ತಿಗೆ ನಮ್ಮ ಮನೆಯವರು ಹೊರಗೆ ಹೋಗಿರಲಿಲ್ಲ, ಅದೂ ದೇವರ ದಯೆಯೇ. ಬಲಗೈ ಬೆರಳುಗಳ ಹಿಡಿತ ಮಾತ್ರ ಹೋಯಿತು. ಅಡುಗೆ ಹೇಗೋ ಸಾಗುತ್ತದೆ. ಆದರೆ ದೇವರಿಗೆ ಎಡಗೈಯಿಂದ ಹೂ ಏರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಪೂಜೆ ಈಗ ಮನೆಯವರು ಮಾಡುತ್ತಾರೆ, ನಾನು ನೋಡುತ್ತ ಕೂಡುತ್ತೇನೆ. ಒಂದು ಹೂ, ನನ್ನ ಬಲಗೈಯಿಂದ. ಇಷ್ಟನ್ನೇ ಬೇಡಿಕೊಂಡಿದ್ದೆ. ವ್ಯಾಯಾಮ ಮಾಡಿಸುವ ಮರಾಠಿ ಹುಡುಗಿ, ಮಕ್ಕಳ ಇಂಥ ಇಟ್ಟಿಗೆ ಸಿಕ್ಕರೆ ದಿನಾ ಬಿಚ್ಚಿ ಕೂಡಿಸಿ, ಬೆರಳಿಗೆ ಒಳ್ಳೆಯದು ಅಂದಿದ್ದಳು.

ಅವ್ವನಿಗೆ ಅದನ್ನು ಹೇಳಿದೆ. “ಆದ್ರ ಇದು ಪೂಜಿ ಆದದ್ದಲ್ಲವಾ. ನೀನ ಬಿಚ್ಚಬ್ಯಾಡಂದಿದ್ದಿ.”

ಅವ್ವ ಟ್ರಕ್ಕನ್ನು ತೆಗೆದು ನೆಲದ ಮೇಲೆ ಇಟ್ಟಳು. “ಗಣಪ್ಪನ್ನ ಕಳಸೂದಿಲ್ಲೇನು ನಾವು? ಅಕ್ಷತಿ ಹಾಕಿ ಉತ್ತರಕ್ಕ ಒಂಚೂರು ಸರಸು. ಆಮ್ಯಾಲೆ ಬಿಚ್ಚು.”

“ಟ್ರಕ್ಕಿನ ವಿಸರ್ಜನಿ!” ವೈನಿ ಬಾಯಿಗೆ ಸೆರಗು ಹಿಡಿದು ನಕ್ಕರು. “ಬ್ಯಾಂಡಿನವರನ್ನ ಕರಸೂಣೇನ್ರಿ ಅತ್ತಿ?” ಆದರೆ ಅಕ್ಷತೆಯ ಬಟ್ಟಲು ತಂದವರೂ ಅವರೇ.

ಚಿಟಿಕೆ ಹಿಡಿಯಲು ಆಗಲಿಲ್ಲ. ಅವ್ವ ನನ್ನ ಅಂಗೈಗೆ ಅಕ್ಷತೆ ಸುರಿದಳು, ನಾನು ಅಂಗೈ ಓರೆ ಮಾಡಿದೆ. ಆಮೇಲೆ ಟ್ರಕ್ಕನ್ನು ಮೆಲ್ಲಗೆ ತಳ್ಳಿದೆ. ಒಂಚೂರು ಸರಿಸು ಎಂದರೆ ಅದು ನಿಲ್ಲಲೇ ಇಲ್ಲ! ಬಿರುಕು ಬಿಟ್ಟ ಆ ಚಪ್ಪಲಿ ಗಾಲಿಗಳು ನೆಲದ ಫರಸಿಯ ಮೇಲೆ ಉರುಳುತ್ತ ಹೋಗಿ ಅವ್ವನ ಪಾದಕ್ಕೆ ತಾಗಿ ನಿಂತವು. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಅವರ ಕೈ ಇನ್ನೂ ಕೆಲಸ ಮಾಡುತ್ತಿದೆಯಲ್ಲ ಅನ್ನಿಸಿತು. ವೈನಿಯೂ ನಗು ನಿಲ್ಲಿಸಿದರು.

ಎಡಗೈಯಲ್ಲಿ ಟ್ರಕ್ಕು ಹಿಡಿದು, ಮೇಲಿನ ಕೆಂಪು ಇಟ್ಟಿಗೆಗೆ ಬಲಗೈ ಬೆರಳು ಹಚ್ಚಿದೆ. ಜಾರಿತು. ಮತ್ತೆ ಹಚ್ಚಿದೆ, ಮತ್ತೆ ಜಾರಿತು. ತೋಳಿನವರೆಗೆ ನೋವು ಏರಿತು. ಬಿಡಲಿಲ್ಲ. ಕೊನೆಗೆ ಟಕ್ ಎಂದಿತು.

ಇಟ್ಟಿಗೆ ಹೊರಗೆಲ್ಲ ಮಾಸಿತ್ತು. ಅದು ಕೂತಿದ್ದ ಜಾಗದಲ್ಲಿ ಮಾತ್ರ ಬಣ್ಣ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು, ಸಂದಿಯಲ್ಲಿ ಅಂದಿನ ಅರಿಶಿನ ಹಾಗೇ ಇತ್ತು. “ಅವ್ವಾ, ಇಲ್ಲಿ ನೋಡು” ಅಂದೆ. ಅವ್ವ ಅದನ್ನು ನೋಡಲೇ ಇಲ್ಲ. ಇಟ್ಟಿಗೆ ಹಿಡಿದಿದ್ದ ನನ್ನ ಬೆರಳುಗಳನ್ನು ನೋಡುತ್ತಿದ್ದಳು.

“ಕೆಳಗ ಇಡಬ್ಯಾಡ,” ಅಂದಳು. “ಹಂಗ ಹಿಡಕೊಂಡು ದೇವರ ಮುಂದ ನಡಿಯವಾ.”

ದೇವರ ಮನೆಯಲ್ಲಿ ಬೆಳಗಿನ ಸೇವಂತಿಗೆಗಳಿದ್ದವು. ಅವುಗಳ ನಡುವೆ ಆ ಕೆಂಪು ಇಟ್ಟಿಗೆಯನ್ನು ಏರಿಸಿದೆ, ಬಲಗೈಯಿಂದ.